ಉಳಿಸಿದ ಹಣ ಎಲ್ಲಿ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಮನೆ ಸಾಲ ಬೇಗ ತೀರಬೇಕು, ಅರವತ್ತರವರೆಗೆ ಕಾಯದೆ ಕೆಲಸದಿಂದ ಬಿಡುವು ಸಿಗಬೇಕು. ಅದಕ್ಕಾಗಿ ದಿನದಿನದ ಖರ್ಚಿನಲ್ಲಿ ಕೈ ಬಿಗಿ ಹಿಡಿದಿದ್ದೇವೆ, ಸರಿಯಾದ ದಾರಿಯಲ್ಲಿದ್ದೇವಾ ಅಂತ ಕೇಳುತ್ತಿದ್ದೀರಿ.

ಹೊಸ ಓದುಗರಿಗಾಗಿ ನನ್ನ ಬಗ್ಗೆ ಎರಡು ಮಾತು. ನಾನು 28 ವರ್ಷ ಲೆಕ್ಕಪತ್ರದ ಕೆಲಸ ಮಾಡಿದವಳು. 33ನೇ ವಯಸ್ಸಿನಲ್ಲಿ ನಾನು, ನನ್ನ ಗಂಡ ಸೇರಿ 20 ವರ್ಷದ ಮನೆ ಸಾಲ ಮಾಡಿದೆವು. ಅದು 13 ವರ್ಷ 6 ತಿಂಗಳಿಗೆ ತೀರಿತು. 52ಕ್ಕೆ ನಾನು ಕೆಲಸ ಬಿಟ್ಟೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ಲೆಕ್ಕ, ಇನ್ನರ್ಧ ನಮ್ಮ ಮನೆಯಲ್ಲಿ ನಡೆದದ್ದು. ನಿಮ್ಮ ಸಾಲ ಎಷ್ಟೇ ಇರಲಿ, ಅದನ್ನು 100 ಅಂದುಕೊಂಡು ಓದಿ.

ಪ್ರಶ್ನೆ: ನನಗೆ 38 ವರ್ಷ. ಸಾಲ ತೀರಲು ಇನ್ನೂ 17 ವರ್ಷ ಇದೆ. ಮೂರು ವರ್ಷದಿಂದ ನಾನು, ಹೆಂಡತಿ ಇಬ್ಬರೂ ತುಂಬಾ ಹಿಡಿತದಲ್ಲಿದ್ದೇವೆ. ಹೊರಗಿನ ಊಟ ಇಲ್ಲ, ಹೊಸ ಬಟ್ಟೆ ಅಪರೂಪ, ಪ್ರವಾಸ ಇಲ್ಲವೇ ಇಲ್ಲ. ಆದರೂ ಸ್ಟೇಟ್‌ಮೆಂಟ್ ನೋಡಿದರೆ ಸಾಲ ಇಳಿದ ಹಾಗೆ ಕಾಣುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪತ್ರ ಓದುವಾಗ ನಮ್ಮ ಮೊದಲ ಮೂರು ವರ್ಷ ಕಣ್ಣ ಮುಂದೆ ಬಂತು. ಇದೇ ಪ್ರಶ್ನೆಯನ್ನು ನಾವೂ ಕೇಳಿಕೊಂಡಿದ್ದೆವು. ಇದರಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು ನಿಮ್ಮ ಕೈಯಲ್ಲಿಲ್ಲ, ಇನ್ನೊಂದು ಪೂರ್ತಿ ನಿಮ್ಮ ಕೈಯಲ್ಲೇ ಇದೆ.

ಮೊದಲನೆಯದು ಕಂತಿನ ಲೆಕ್ಕ. ಬಡ್ಡಿ ಬೀಳುವುದು ಆ ತಿಂಗಳು ಉಳಿದಿರುವ ಅಸಲಿನ ಮೇಲೆ. ಶುರುವಿನಲ್ಲಿ ಅಸಲು ಪೂರ್ತಿ ಇರುತ್ತದೆ, ಹಾಗಾಗಿ ಕಂತಿನ ದೊಡ್ಡ ಪಾಲನ್ನು ಬಡ್ಡಿಯೇ ತಿಂದುಬಿಡುತ್ತದೆ. ವರ್ಷಕ್ಕೆ ಶೇ. 8 ಬಡ್ಡಿ, 20 ವರ್ಷದ ಅವಧಿ ಅಂತ ಇಟ್ಟುಕೊಳ್ಳಿ. ಮೊದಲ ಕಂತಿನಲ್ಲಿ ಸುಮಾರು ಶೇ. 80 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸಿಗುವುದು ಶೇ. 20 ಮಾತ್ರ. ಮೂರು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದರೂ 100ರಲ್ಲಿ 93 ಹಾಗೇ ನಿಂತಿರುತ್ತದೆ. ಅಸಲು ಅರ್ಧಕ್ಕೆ ಇಳಿಯುವುದು 10ನೇ ವರ್ಷದಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಇಳಿಯುವುದು 13 ವರ್ಷ 7-8 ತಿಂಗಳಿಗೆ. ಕೊನೆಗೆ ಲೆಕ್ಕ ಹಾಕಿದರೆ 100 ಸಾಲಕ್ಕೆ ಕಟ್ಟಿದ್ದು ಸುಮಾರು 200. ಹಾಗಾಗಿ ಸಾಲ ಇಳಿದಂತೆ ಕಾಣದಿದ್ದರೆ ನೀವೇನೋ ತಪ್ಪು ಮಾಡಿದ್ದೀರಿ ಅಂತಲ್ಲ. ಎದೆಗುಂದಬೇಡಿ.

ಎರಡನೆಯದನ್ನು ಹೇಳಲು ನಮ್ಮ ಮನೆಯ ಒಂದು ಭಾನುವಾರದ ರಾತ್ರಿಗೆ ಹೋಗಬೇಕು. ಮಕ್ಕಳು ಮಲಗಿದ್ದರು. ನಾನು ಹಿಂದಿನ 12 ತಿಂಗಳ ಪಾಸ್‌ಬುಕ್ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಮನೆ ಖರ್ಚಿನ ನೋಟ್‌ಬುಕ್. ನೋಟ್‌ಬುಕ್ ಪ್ರಕಾರ ಆ ವರ್ಷ ನಾವು ಹೆಚ್ಚುಕಡಿಮೆ ಮೂರು ಕಂತಿನಷ್ಟು ಉಳಿಸಿದ್ದೆವು. ಬಸ್ಸಿನಲ್ಲಿ ಓಡಾಡಿದ್ದು, ಊಟದ ಡಬ್ಬಿ ಒಯ್ದದ್ದು, ಹಳೇ ಪರದೆಯನ್ನು ಹೊಲಿದು ಮತ್ತೆ ಹಾಕಿದ್ದು, ಎಲ್ಲವೂ ಅಲ್ಲಿ ಬರೆದಿತ್ತು. ಆದರೆ ಖಾತೆಯಲ್ಲಿ ಆ ಹಣ ಇರಲಿಲ್ಲ. ಸಾಲದ ಖಾತೆಗೂ ಹೋಗಿರಲಿಲ್ಲ. ಒಂದೊಂದೇ ಸಾಲು ಹುಡುಕುತ್ತಾ ಹೋದೆ. ಚೆನ್ನಾಗಿಯೇ ಇದ್ದ ಫೋನ್ ಬದಲಾಗಿತ್ತು. ಒಂದು ಮದುವೆಗೆ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡ ಉಡುಗೊರೆ ಹೋಗಿತ್ತು. ರಿಪೇರಿ ಆಗಬಹುದಾಗಿದ್ದ ವಾಷಿಂಗ್ ಮೆಷಿನ್ ಜಾಗದಲ್ಲಿ ಹೊಸದು ಬಂದಿತ್ತು. ಒಂದನ್ನೂ ದುಂದು ಅನ್ನಲು ಆಗುವುದಿಲ್ಲ. ಖಾತೆಯಲ್ಲಿ ಹಣ ಕಾಣಿಸಿತು, ಖರ್ಚಾಯಿತು, ಅಷ್ಟೇ.

ಗಂಡನನ್ನು ಎಬ್ಬಿಸಿ ಕೂರಿಸಿಕೊಂಡೆ. ಅವರು ಹಾಳೆಗಳನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಉಳಿಸಿದ್ದೇವೆ, ಆದರೆ ಕಳಿಸಿಲ್ಲ," ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಎರಡು ಪದ ಉಳಿದುಕೊಂಡವು. ಏನಾದರೂ ಉಳಿದರೆ ಕಳಿಸಿದೆಯಾ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು.

ನಾವು ಮಾಡಿದ್ದು ಇಷ್ಟು. ವಾರದ ಖರ್ಚಿಗೆ ಒಂದು ಮೊತ್ತ ಇಟ್ಟುಕೊಂಡೆವು. ಶನಿವಾರ ಸಂಜೆ ಅದರಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನೂ ಆಗಲೇ ಬೇರೆ ಖಾತೆಗೆ ಹಾಕಿಬಿಡುತ್ತಿದ್ದೆವು. ಚಿಲ್ಲರೆ ಇದ್ದರೂ ಸರಿ. ಆ ಖಾತೆಗೆ ಕಾರ್ಡ್ ತೆಗೆದುಕೊಂಡಿರಲಿಲ್ಲ. ಮೂರು ತಿಂಗಳಿಗೊಮ್ಮೆ ಅದನ್ನು ಖಾಲಿ ಮಾಡಿ ಅಸಲಿಗೆ ಕಟ್ಟುತ್ತಿದ್ದೆವು. ಇನ್ನೊಂದು, ಸಂಬಳ ಏರಿದ ತಿಂಗಳೇ ಕಂತನ್ನೂ ಏರಿಸುತ್ತಿದ್ದೆವು. ಏರಿದ ಸಂಬಳ ಮನೆ ಖರ್ಚಿಗೆ ಒಮ್ಮೆ ಸೇರಿಕೊಂಡಿತು ಅಂದರೆ ಅದನ್ನು ವಾಪಸ್ ಎಳೆಯುವುದು ಬಲು ಕಷ್ಟ.

ಇದರಿಂದ ಎಷ್ಟು ಬದಲಾಗುತ್ತದೆ ನೋಡಿ. ಅದೇ ಶೇ. 8, 20 ವರ್ಷದ ಸಾಲಕ್ಕೆ ಶುರುವಿನಿಂದ ಪ್ರತಿ ಕಂತಿನ ಜೊತೆ ಶೇ. 10 ಜಾಸ್ತಿ ಕಟ್ಟಿದರೆ ಸಾಲ 16 ವರ್ಷ 2 ತಿಂಗಳಿಗೆ ತೀರುತ್ತದೆ. ವರ್ಷಕ್ಕೆ 12ರ ಬದಲು 13 ಕಂತು ಕಟ್ಟಿದರೂ ಮೂರು ವರ್ಷಕ್ಕಿಂತ ಜಾಸ್ತಿ ಉಳಿಯುತ್ತದೆ. ಕಂತನ್ನು ವರ್ಷ ವರ್ಷ ಶೇ. 5ರಷ್ಟು ಏರಿಸುತ್ತಾ ಹೋದರೆ ಹನ್ನೆರಡೂವರೆ ವರ್ಷದೊಳಗೆ ಮುಗಿಯುತ್ತದೆ. ನೀವು ಮೂರು ವರ್ಷ ತಡವಾಗಿ ಶುರು ಮಾಡಿದರೂ ಚಿಂತೆ ಇಲ್ಲ. ನಾವೂ ಶುರು ಮಾಡಿದ್ದು ನಾಲ್ಕನೇ ವರ್ಷದಲ್ಲೇ.

ಕಟ್ಟುವ ಮೊದಲು ಎರಡು ಕೆಲಸ ಮಾಡಿ. ಮುಂಗಡ ಕಟ್ಟಿದರೆ ಶುಲ್ಕ ಇದೆಯಾ ಅಂತ ಸಾಲದ ಪತ್ರ ತೆಗೆದು ಓದಿ. ಆಮೇಲೆ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಅಂತ ಬರೆದು ಕೊಡಿ. ನಮ್ಮ ಮೊದಲ ಮುಂಗಡಕ್ಕೆ ಸಾಲ ಕೊಟ್ಟವರು ಅವಧಿಯನ್ನು ಮುಟ್ಟದೆ ಕಂತನ್ನೇ ಇಳಿಸಿಬಿಟ್ಟಿದ್ದರು. ಮುಂದಿನ ತಿಂಗಳ ಸ್ಟೇಟ್‌ಮೆಂಟ್ ನೋಡಿದ್ದಕ್ಕೆ ಗೊತ್ತಾಯಿತು. ಕಂತು ಇಳಿದರೆ ಕೈಗೆ ಸ್ವಲ್ಪ ಹಣ ಸಿಗುತ್ತದೆ, ಆದರೆ ವರ್ಷಗಳು ಕಡಿಮೆಯಾಗುವುದಿಲ್ಲ. ನಿಮಗೆ ಬೇಕಿರುವುದು ವರ್ಷ, ಅಲ್ವಾ?

ಪ್ರಶ್ನೆ: ಕೈಯಲ್ಲಿರುವ ಉಳಿತಾಯವನ್ನೆಲ್ಲ ಸಾಲಕ್ಕೇ ಸುರಿದುಬಿಡೋಣ ಅನಿಸುತ್ತಿದೆ. ಸರಿಯಾ?

ಉತ್ತರ: ಬೇಡ. ಆರು ತಿಂಗಳ ಮನೆ ಖರ್ಚು, ಅದರ ಜೊತೆ ಆರು ಕಂತು, ಇಷ್ಟನ್ನು ಮುಟ್ಟದೆ ಇಟ್ಟುಕೊಳ್ಳಿ. ಸಾಲಕ್ಕೆ ಕಟ್ಟಿದ ಹಣ ಗೋಡೆಯೊಳಗೆ ಸೇರಿದ ಹಾಗೆ, ಕಾಯಿಲೆ ಬಂದಾಗ ಗೋಡೆ ಒಡೆದು ತೆಗೆಯಲು ಆಗುವುದಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿಯೋ ಕೈಸಾಲವೋ ಇದ್ದರೆ ಮೊದಲು ಅದನ್ನು ತೀರಿಸಿ. ಅವುಗಳ ಬಡ್ಡಿ ಮನೆ ಸಾಲದ ಬಡ್ಡಿಗಿಂತ ಎಷ್ಟೋ ಜಾಸ್ತಿ ಇರುತ್ತದೆ.

ಪ್ರಶ್ನೆ: ನಾನು ಎಷ್ಟು ಹಿಡಿತದಲ್ಲಿ ಮನೆ ನಡೆಸಿದರೂ ಗಂಡನ ಕಡೆಯವರು ಜಿಪುಣಿ ಅನ್ನುತ್ತಾರೆ. ಈಚೆಗೆ ಮಗನೂ ಮುಖ ಸಣ್ಣ ಮಾಡುತ್ತಾನೆ. ನಾನು ಮಾಡುತ್ತಿರುವುದು ಇವರಿಗಾಗಿಯೇ ತಾನೇ? ಮನಸ್ಸಿಗೆ ತುಂಬಾ ನೋವಾಗುತ್ತದೆ.

ಉತ್ತರ: ಅಮ್ಮಾ, ನೆಂಟರ ಮಾತು ಬಿಟ್ಟುಬಿಡಿ. ಅವರು ನಿಮ್ಮ ಕಂತು ಕಟ್ಟುವುದಿಲ್ಲ. ಮಗನ ಮುಖ ಸಣ್ಣಗಾಗುವುದನ್ನು ಮಾತ್ರ ಬಿಡಬೇಡಿ. ಅದರ ಬಗ್ಗೆ ನಾನು ಒಂದು ವಿಷಯ ಹೇಳಲೇಬೇಕು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಸಾಲದ ಆರನೇ ವರ್ಷ. ಆಗ ನಮ್ಮ ಹುರುಪು ಏರಿತ್ತು. ಒಂದು ಸಂಜೆ ಮಗಳು ಶಾಲೆಯಿಂದ ಬಂದವಳು ಬಾಗಿಲಲ್ಲೇ ಕೂತು ಶೂ ಬಿಚ್ಚುತ್ತಿದ್ದಳು. ತುಂಬಾ ನಿಧಾನ. ಏನಾಯಿತು ಅಂದೆ, ಏನಿಲ್ಲ ಅಂದಳು. ಕಾಲುಚೀಲ ತೆಗೆದಾಗ ಹೆಬ್ಬೆರಳಿನ ಉಗುರು ನೀಲಿಗಟ್ಟಿತ್ತು. ಶೂ ಎತ್ತಿಕೊಂಡು ಒಳಗೆ ಕೈ ಹಾಕಿ ನೋಡಿದೆ. ಮುಂದಿನ ತುದಿಯಲ್ಲಿ ಬೆರಳು ಒತ್ತಿದ ಜಾಗ ಗುಳಿ ಬಿದ್ದು ನುಣುಪಾಗಿತ್ತು. ಎಷ್ಟು ತಿಂಗಳಿಂದ ಬಿಗಿಯಾಗಿತ್ತೋ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಮನೆಗೆ ದುಡ್ಡು ಕೂಡಿಸ್ತಿದ್ದೀರಲ್ಲ, ಅದಕ್ಕೆ," ಅಂದಳು. ಅವಳಿಗೆ ಆಗ ಒಂಬತ್ತು ವರ್ಷ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಅವಳಿಗೆ ಶೂ ಬೇಡ ಅಂತ ಯಾವತ್ತೂ ಅಂದಿರಲಿಲ್ಲ. ಆದರೆ ಮನೆಯಲ್ಲಿ ದಿನವಿಡೀ ಬೇಡ, ಆಮೇಲೆ, ಈಗಲ್ಲ ಅನ್ನುವ ಮಾತೇ ಕೇಳುತ್ತಿದ್ದರೆ ಮಕ್ಕಳು ಕೇಳುವುದನ್ನೇ ನಿಲ್ಲಿಸುತ್ತಾರೆ. ಅವರಿಗೆ ಸಾಲ ಎಷ್ಟು, ನಾವು ಎಲ್ಲಿದ್ದೇವೆ ಅಂತ ಏನೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ಭಯ ದೊಡ್ಡದಾಗುತ್ತದೆ.

ಮರುದಿನ ಹೊಸ ಶೂ ತಂದೆವು. ಅದರ ಜೊತೆ ಮೂರು ಬದಲಾವಣೆ ಮಾಡಿಕೊಂಡೆವು. ಮಕ್ಕಳ ಪಾದ, ಕಣ್ಣು, ಹಲ್ಲು, ಓದು ಈ ನಾಲ್ಕಕ್ಕೆ ಉಳಿತಾಯದ ಲೆಕ್ಕವೇ ಇಲ್ಲ. ಹಿಡಿತ ದೊಡ್ಡವರದು, ನಾವಾಗಿ ಬೇಕು ಅಂತ ಮಾಡಿಕೊಂಡದ್ದು. ಎರಡನೆಯದು, ತಿಂಗಳಿಗೆ ಒಂದು ಸಣ್ಣ ಮೊತ್ತ ಮಕ್ಕಳ ಕೈಗೆ. ಅದನ್ನು ಏನು ಮಾಡಿದರು ಅಂತ ನಾವು ಕೇಳುತ್ತಿರಲಿಲ್ಲ.

ಮೂರನೆಯದು ಒಂದು ಹಾಳೆ. ಗ್ರಾಫ್ ಹಾಳೆಯಲ್ಲಿ 240 ಚೌಕ ಗೆರೆ ಹಾಕಿ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದೆವು. ಒಂದು ಚೌಕ ಅಂದರೆ ಒಂದು ತಿಂಗಳು. ಕಂತು ಕಟ್ಟಿದಾಗ ಮೇಲಿನಿಂದ ಒಂದು ಚೌಕಕ್ಕೆ ನೀಲಿ ಬಣ್ಣ. ಅಸಲಿಗೆ ಮುಂಗಡ ಕಟ್ಟಿದಾಗ ಎಷ್ಟು ತಿಂಗಳು ಕಡಿಮೆಯಾಯಿತೋ ಅಷ್ಟು ಚೌಕಕ್ಕೆ ಕೆಳಗಿನಿಂದ ಕೆಂಪು ಬಣ್ಣ. ಬಣ್ಣ ಹಚ್ಚುವ ಕೆಲಸ ಮಕ್ಕಳದು. ನೀಲಿ ಕೆಳಗೆ ಇಳಿಯುತ್ತಿತ್ತು, ಕೆಂಪು ಮೇಲೆ ಏರುತ್ತಿತ್ತು. ಬೀರು ತೆಗೆದಾಗಲೆಲ್ಲ ಮಗ ನಡುವಿನ ಬಿಳಿ ಚೌಕ ಎಣಿಸುತ್ತಿದ್ದ. ಒಮ್ಮೆ ಪ್ರವಾಸಕ್ಕೆ ಹೋಗೋಣವಾ, ಮೂರು ಚೌಕ ಬಣ್ಣ ಹಚ್ಚೋಣವಾ ಅಂತ ಅವರನ್ನೇ ಕೇಳಿದೆವು. ಪ್ರವಾಸ ಅಂದರು. ಹೋದೆವು. ಅದಕ್ಕಾಗಿ ನನಗೆ ಇವತ್ತಿಗೂ ಬೇಸರ ಇಲ್ಲ.

ನಿಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ತೋರಿಸಿ. ಮೊತ್ತ ಹೇಳಲು ಇಷ್ಟವಿಲ್ಲದಿದ್ದರೆ ಚೌಕ ತೋರಿಸಿ. ಯಾವುದು ನಿನಗೆ ತುಂಬಾ ಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಅಂತ ಕೇಳಿ. ಗಂಡನ ಜೊತೆಗೂ ಇದೇ ಮಾತು ಆಗಲಿ. ಒಬ್ಬರೇ ಹಗ್ಗ ಎಳೆಯುತ್ತಿದ್ದರೆ ಕೈ ಮಾತ್ರ ಉರಿಯುತ್ತದೆ.

ಪ್ರಶ್ನೆ: ಲೈಟ್ ಆರಿಸು, ಫೋನ್ ಚಾರ್ಜರ್ ಕಿತ್ತಿಡು ಅಂತ ದಿನವಿಡೀ ಮನೆಯವರ ಹಿಂದೆ ಓಡಾಡುತ್ತೇನೆ. ಕರೆಂಟ್ ಬಿಲ್ ಮಾತ್ರ ಇಳಿಯುವುದಿಲ್ಲ. ಯಾವ ಉಳಿತಾಯ ನಿಜವಾಗಿ ಲೆಕ್ಕಕ್ಕೆ ಬರುತ್ತದೆ?

ಉತ್ತರ: ಬಿಸಿ ಮಾಡುವ, ತಣ್ಣಗೆ ಮಾಡುವ ವಸ್ತುಗಳ ಹಿಂದೆ ಓಡಾಡಿ. 20 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.58 ಯೂನಿಟ್ ಕರೆಂಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವಾಟಿನ ಎಲ್‌ಇಡಿ ಬಲ್ಬ್ 64 ಗಂಟೆ ಉರಿಯುತ್ತದೆ. ಅಂದರೆ ಒಬ್ಬರ ಸ್ನಾನದ ನೀರು ಎರಡೂವರೆ ದಿನದ ಬೆಳಕಿಗೆ ಸಮ. ಲೈಟ್ ಆರಿಸುವುದು ಒಳ್ಳೆಯದೇ, ಆದರೆ ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ. ಹೀಟರಿನ ಉಷ್ಣತೆ ಸ್ವಲ್ಪ ಇಳಿಸಿ. ಬೇಕಾದಾಗ ಮಾತ್ರ ಹಾಕಿ. ಫ್ರಿಡ್ಜ್ ಬಾಗಿಲಿನ ರಬ್ಬರ್ ಸಡಿಲವಾಗಿದೆಯಾ ಅಂತ ಒಂದು ಕಾಗದ ಸಿಕ್ಕಿಸಿ ನೋಡಿ. ಬಾಗಿಲು ಮುಚ್ಚಿದ ಮೇಲೂ ಕಾಗದ ಸುಲಭವಾಗಿ ಜಾರಿ ಬಂದರೆ ತಂಪು ಸೋರುತ್ತಿದೆ ಅಂತ ಅರ್ಥ.

ಮನೆಯ ಉಳಿದ ಖರ್ಚಿಗೂ ಇದೇ ಕಣ್ಣು ಇರಲಿ. ದಿನಕ್ಕೆ ನೂರು ಸಲ ಬೇಡ ಅನ್ನುವುದಕ್ಕಿಂತ ವರ್ಷಕ್ಕೆ ನಾಲ್ಕು ಸಲ ಕೂತು ದೊಡ್ಡದನ್ನು ನೋಡುವುದು ಸುಲಭ. ವಾಹನ ನಮ್ಮಲ್ಲಿ 14 ವರ್ಷ ಓಡಿತು. ಹೊಸ ವಾಹನದ ಬೆಲೆ ಅತಿ ಜೋರಾಗಿ ಇಳಿಯುವುದು ಮೊದಲ ವರ್ಷಗಳಲ್ಲಿ, ಅದನ್ನು ಪದೇ ಪದೇ ಅನುಭವಿಸುವುದು ಯಾಕೆ? ವಿಮೆ ತಾನಾಗಿ ನವೀಕರಣ ಆಗಲು ಬಿಡಬೇಡಿ, ಪ್ರತಿ ಸಲ ಮೂರು ಕಡೆ ದರ ಕೇಳಿ. ಸಾಲದ ಬಡ್ಡಿ ದರವನ್ನೂ ಹೀಗೇ ಕೇಳಿ. ಹಳೇ ಗ್ರಾಹಕರು ಹಳೇ ದರದಲ್ಲೇ ಉಳಿದು ಹೊಸಬರಿಗೆ ಕಡಿಮೆ ಸಿಗುವುದು ಉಂಟು. ಶೇ. 8ರ ಸಾಲ ಶೇ. 7.5ಕ್ಕೆ ಇಳಿದರೆ ಎಷ್ಟು ಉಳಿಯುತ್ತದೋ ಅಷ್ಟನ್ನು ಲೈಟ್ ಆರಿಸಿ ಉಳಿಸಲು ಆಗುವುದಿಲ್ಲ.

ಪ್ರಶ್ನೆ: ಸಾಲ ಬೇಗ ತೀರಿಸುವ ಬದಲು ಆ ಹಣವನ್ನು ಷೇರು, ಮ್ಯೂಚುವಲ್ ಫಂಡ್‌ಗೆ ಹಾಕಿದರೆ ಜಾಸ್ತಿ ಬರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಗೆಳೆಯರ ಲೆಕ್ಕ ಸುಳ್ಳಲ್ಲ. ಆದರೆ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದಾರೆ. ಶೇ. 8ರ ಸಾಲಕ್ಕೆ ಮುಂಗಡ ಕಟ್ಟಿದರೆ ಶೇ. 8 ಉಳಿಯುವುದು ಖಚಿತ. ಷೇರಿನಲ್ಲಿ ದೀರ್ಘ ಕಾಲಕ್ಕೆ ಅದಕ್ಕಿಂತ ಜಾಸ್ತಿ ಬರಬಹುದು, ಬರದೆಯೂ ಇರಬಹುದು, ಬಂದದ್ದಕ್ಕೆ ತೆರಿಗೆಯೂ ಇರಬಹುದು. 2008ರಲ್ಲಿ ಪ್ರಪಂಚದ ಷೇರುಪೇಟೆಗಳೆಲ್ಲ ಬಿದ್ದಾಗ ಎಷ್ಟೋ ಜನ ಕೆಲಸವನ್ನೂ ಕಳೆದುಕೊಂಡರು. ಆಗ ಕಂತು ಮಾತ್ರ ನಿಲ್ಲಲಿಲ್ಲ. ಎರಡು ಹೊಡೆತ ಒಟ್ಟಿಗೆ ಬಿದ್ದರೆ ಮನೆ ತಡೆದುಕೊಳ್ಳುತ್ತದಾ ಅಂತ ಮೊದಲು ಯೋಚಿಸಿ.

ನಮ್ಮ ಮನೆಯಲ್ಲಿ ಹೀಗೆ ಮಾಡಿದೆವು. ನಿವೃತ್ತಿ ನಿಧಿಗೆ ಕಂಪನಿಯೂ ತನ್ನ ಪಾಲು ಹಾಕುತ್ತಿತ್ತು, ಅದಕ್ಕೆ ಬೇಕಾದಷ್ಟನ್ನು ಮೊದಲು ಹಾಕುತ್ತಿದ್ದೆವು. ಆ ಪಾಲು ಬಿಟ್ಟುಕೊಟ್ಟರೆ ಸಂಬಳವನ್ನೇ ಬಿಟ್ಟುಕೊಟ್ಟಂತೆ. ಆಮೇಲೆ ಉಳಿದ ಮೂರು ಪಾಲಿನಲ್ಲಿ ಎರಡು ಅಸಲಿಗೆ, ಒಂದು ಹೂಡಿಕೆಗೆ. ನಿಮ್ಮ ಸಾಲದ ದರ ಶೇ. 3-4 ಮಾತ್ರ ಇದ್ದರೆ ಈ ಪಾಲನ್ನು ತಿರುಗಿಸಿಕೊಳ್ಳಿ. ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆಯಾ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಮುಂಗಡ ಕಟ್ಟದೆ, ಹೂಡಿಕೆಯನ್ನೂ ಮಾಡದೆ, ಯಾವುದು ಸರಿ ಅಂತ ಮಾತಾಡುತ್ತಲೇ ವರ್ಷ ಕಳೆಯಬೇಡಿ. ಶೇ. 8ರ ಸಾಲದ ಮೊದಲ ತಿಂಗಳಲ್ಲೇ ಮುಂಗಡ ಕಟ್ಟಿದ 1, 20ನೇ ವರ್ಷದ ಕೊನೆಯಲ್ಲಿ ಕಟ್ಟಬೇಕಾಗಿದ್ದ 4.9ನ್ನು ತಪ್ಪಿಸುತ್ತದೆ. ಅದೇ 1 ಹತ್ತು ವರ್ಷ ಬಿಟ್ಟು ಕಟ್ಟಿದರೆ ತಪ್ಪುವುದು 2.2 ಮಾತ್ರ.

ಪ್ರಶ್ನೆ: ನನಗೆ 31. ಮನೆ ಸಾಲ ತೀರಿಸಿ 45ಕ್ಕೆ ಕೆಲಸ ಬಿಡಬೇಕು ಅಂತ ಆಸೆ. ಎಷ್ಟು ಹಣ ಕೂಡಿಸಿದರೆ ಸಾಕು?

ಉತ್ತರ: ವರ್ಷದ ಖರ್ಚಿನ 25 ಪಟ್ಟು ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಅದರ ಮೂಲ ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಒಂದು ಲೆಕ್ಕ ಮಾಡಿದರು. 1926ರಿಂದ ಮುಂದಿನ ಅಮೆರಿಕದ ಷೇರು, ಬಾಂಡುಗಳ ಗಳಿಕೆ ಇಟ್ಟುಕೊಂಡು, ನಿವೃತ್ತರಾದವರು ವರ್ಷಕ್ಕೆ ಎಷ್ಟು ತೆಗೆದರೆ ಹಣ ಮುಗಿಯುವುದಿಲ್ಲ ಅಂತ ನೋಡಿದರು. ಮೊದಲ ವರ್ಷ ಶೇ. 4 ತೆಗೆದು, ಮುಂದೆ ಬೆಲೆ ಏರಿದಷ್ಟು ಏರಿಸುತ್ತಾ ಹೋದರೆ 30 ವರ್ಷ ಬಾಳುತ್ತದೆ ಅಂತ ಕಂಡಿತು. ಶೇ. 4 ಅಂದರೆ 25ರಲ್ಲಿ ಒಂದು ಪಾಲು, ಹಾಗಾಗಿ 25 ಪಟ್ಟು.

ಈಗ ನೀವೇ ನೋಡಿ. ಅದು 30 ವರ್ಷದ ಲೆಕ್ಕ, ಒಂದೇ ದೇಶದ ಪೇಟೆಯ ಲೆಕ್ಕ. 45ಕ್ಕೆ ಬಿಟ್ಟವರು 90ರವರೆಗೆ ಬದುಕಿದರೆ 45 ವರ್ಷ ಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ನಾನು 52ಕ್ಕೆ ಬಿಟ್ಟವಳು, ಆದರೂ 30 ಪಟ್ಟು ಇಟ್ಟುಕೊಂಡೆ. ನಿಮ್ಮ ವಯಸ್ಸಿಗೆ 30ರಿಂದ 33 ಪಟ್ಟು ಇರಲಿ.

ಇಲ್ಲಿ ಮನೆ ಸಾಲ ತೀರಿರುವುದು ಎಷ್ಟು ಮುಖ್ಯ ಅಂತ ಕಾಣಿಸುತ್ತದೆ. ವರ್ಷದ ಖರ್ಚು 100, ಅದರಲ್ಲಿ 35 ಕಂತು ಅಂತ ಇಟ್ಟುಕೊಳ್ಳಿ. 30 ಪಟ್ಟು ಅಂದರೆ 3000 ಬೇಕು. ಕಂತು ಇಲ್ಲದಿದ್ದರೆ ಖರ್ಚು 65, ಬೇಕಾದದ್ದು 1950. ಕಂತು ಯಾವತ್ತಾದರೂ ಮುಗಿಯುತ್ತದೆ, ಹಾಗಾಗಿ ಇದು ಒರಟು ಲೆಕ್ಕ. ಆದರೂ ದಾರಿ ತೋರಿಸುತ್ತದೆ. ದಿನದ ಉಳಿತಾಯಕ್ಕೂ ಇದೇ ಲೆಕ್ಕ. ವರ್ಷದ ಖರ್ಚಿನಲ್ಲಿ 1 ಶಾಶ್ವತವಾಗಿ ಕಡಿಮೆಯಾದರೆ ಆ 1 ಅಸಲಿಗೆ ಹೋಗುತ್ತದೆ, ಅದರ ಜೊತೆ ಮುಂದೆ ಕೂಡಿಸಬೇಕಾದದ್ದರಲ್ಲೂ 30 ಕಡಿಮೆಯಾಗುತ್ತದೆ. ಸಂಬಳ ಏರಿದರೆ ಈ ಎರಡನೇ ಲಾಭ ಸಿಗುವುದಿಲ್ಲ.

ಬೆಲೆ ಏರಿಕೆ ಕಳೆದು ಶೇ. 5 ಗಳಿಕೆ ಸಿಕ್ಕರೆ, ಏನೂ ಇಲ್ಲದೆ ಶುರು ಮಾಡಿ 30 ಪಟ್ಟು ಮುಟ್ಟಲು ಸಂಬಳದ ಶೇ. 10 ಉಳಿಸುವವರಿಗೆ ಸುಮಾರು 55 ವರ್ಷ ಬೇಕು. ಶೇ. 25 ಉಳಿಸಿದರೆ 35 ವರ್ಷ, ಶೇ. 50 ಉಳಿಸಿದರೆ 19 ವರ್ಷ. ನಿಮ್ಮ ಕೈಯಲ್ಲಿ 14 ವರ್ಷ ಇದೆ, ಅದರಲ್ಲಿ ಸಾಲವೂ ತೀರಬೇಕು. ಇಬ್ಬರ ಸಂಬಳ ಇದ್ದು ಒಬ್ಬರದರಲ್ಲೇ ಮನೆ ನಡೆದರೂ 45 ತುಂಬಾ ಬಿಗಿ. 50 ಅಂತ ಇಟ್ಟುಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ. ಅಥವಾ 45ಕ್ಕೆ ಪೂರ್ತಿ ಬಿಡದೆ ಅರ್ಧ ಕೆಲಸಕ್ಕೆ ಇಳಿಯಿರಿ. ಆಸೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಆಸೆಯೇ ನನ್ನನ್ನೂ ಎಷ್ಟೋ ವರ್ಷ ಬೆಳಗ್ಗೆ ಎಬ್ಬಿಸಿತು.

ಕೆಲಸ ಬಿಡುವ ಮೊದಲು ಒಂದು ವರ್ಷ ಪರೀಕ್ಷೆ ಮಾಡಿ. ಮುಂದೆ ವರ್ಷಕ್ಕೆ ಇಷ್ಟು ಸಾಕು ಅಂತ ಬರೆದುಕೊಂಡ ಹಣದಲ್ಲೇ ಬದುಕಿ, ಸಂಬಳ ಮುಟ್ಟಬೇಡಿ. ನಾನು ಮಾಡಿದಾಗ ಎರಡು ಖರ್ಚು ಲೆಕ್ಕದಿಂದಲೇ ತಪ್ಪಿಹೋಗಿದ್ದವು. ಒಂದು ಛಾವಣಿ ರಿಪೇರಿ, ಇನ್ನೊಂದು ಹಲ್ಲಿನ ಚಿಕಿತ್ಸೆ. ಅವು ಪ್ರತಿ ವರ್ಷ ಬರುವುದಿಲ್ಲ, ಹಾಗಂತ ಬರದೆಯೂ ಇರುವುದಿಲ್ಲ. ಕೆಲಸದಲ್ಲಿ ಇರುವಾಗಲೇ ಸ್ವಂತ ಆರೋಗ್ಯ ವಿಮೆ ಮಾಡಿಸಿಕೊಳ್ಳಿ. ಎರಡು ಮೂರು ವರ್ಷದ ಖರ್ಚನ್ನು ಪೇಟೆಯ ಏರಿಳಿತಕ್ಕೆ ಸಿಗದ ಜಾಗದಲ್ಲಿ ಇಡಿ. ಬಿಟ್ಟ ಮೊದಲ ಐದು ವರ್ಷದಲ್ಲೇ ಪೇಟೆ ಬಿದ್ದರೆ, ಬಿದ್ದ ಬೆಲೆಗೆ ಮಾರಿ ತಿನ್ನಬೇಕಾಗುತ್ತದೆ. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟ.

ಪ್ರಶ್ನೆ: ನಮ್ಮ ಸಾಲದಲ್ಲಿ ಇನ್ನು ನಾಲ್ಕೇ ಕಂತು ಬಾಕಿ. ತೀರಿದ ದಿನ ಏನೇನು ಮಾಡಬೇಕು? ನಿಮಗೆ ಆ ದಿನ ಹೇಗಿತ್ತು?

ಉತ್ತರ: ಅಭಿನಂದನೆ! ಪತ್ರ ಓದಿ ನನಗೇ ಖುಷಿಯಾಯಿತು.

ಕೊನೆ ಕಂತು ಕಟ್ಟುವ ಮೊದಲು ಪೂರ್ತಿ ಬಾಕಿ ಎಷ್ಟು ಅಂತ ಬರಹದಲ್ಲಿ ಕೇಳಿ. ಕೆಲವು ದಿನದ ಬಡ್ಡಿ, ಸಣ್ಣಪುಟ್ಟ ಶುಲ್ಕ ಉಳಿದುಬಿಡುವುದು ಉಂಟು. ಸಾಲ ಪೂರ್ತಿ ತೀರಿದೆ ಅನ್ನುವ ಪತ್ರ ಪಡೆಯಿರಿ. ಅಡವಿಟ್ಟ ಮೂಲ ದಾಖಲೆಗಳನ್ನು ನೀವು ಕೊಟ್ಟಾಗಿನ ಪಟ್ಟಿ ಹಿಡಿದು ಒಂದೊಂದೇ ಪುಟ ಎಣಿಸಿ ತೆಗೆದುಕೊಳ್ಳಿ. ಮನೆಯ ದಾಖಲೆಯಲ್ಲಿ ಸಾಲ ಕೊಟ್ಟವರ ಹಕ್ಕು ನಮೂದಾಗಿರುತ್ತದೆ, ಅದನ್ನು ತೆಗೆಸುವುದು ತುಂಬಾ ಮುಖ್ಯ. ಹಲವರು ಇದನ್ನು ಮರೆತು, ಮನೆ ಮಾರುವಾಗ ಪರದಾಡುತ್ತಾರೆ. ತಾನಾಗಿ ಕಂತು ಹೋಗುವ ವ್ಯವಸ್ಥೆಯನ್ನು ನಿಲ್ಲಿಸಿ. ಮನೆ ವಿಮೆಯನ್ನು ಮಾತ್ರ ನಿಲ್ಲಿಸಬೇಡಿ.

ಕಂತಿನ ಹಣವನ್ನು ಮುಂದಿನ ತಿಂಗಳಿಂದಲೇ ಬೇರೆ ಕಡೆ ಕಳಿಸಿ. ಅದೇ ತಾರೀಖಿಗೆ, ಅಷ್ಟೇ ಮೊತ್ತ, ಹೂಡಿಕೆಗೆ. ಆ ಹಣ ಇಲ್ಲದೆ ಬದುಕಿ ನಿಮಗೆ ಅಭ್ಯಾಸವಾಗಿದೆ. ಒಂದು ತಿಂಗಳು ಬಿಟ್ಟರೂ ಅದು ಮನೆಯೊಳಗೆ ಕರಗಿಹೋಗುತ್ತದೆ. ನಾವು ಹಾಗೆ ಕಳಿಸಿದ ಐದೂವರೆ ವರ್ಷದ ಹಣವೇ ನಾನು 52ಕ್ಕೆ ಕೆಲಸ ಬಿಡಲು ಆಸರೆಯಾಯಿತು.

ನಮ್ಮ ಆ ದಿನ ಒಂದು ಬುಧವಾರ. ಇಬ್ಬರೂ ಅರ್ಧ ದಿನ ರಜೆ ಹಾಕಿ ಹೋಗಿ ದಾಖಲೆ ತಂದೆವು. ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು. ಸಂಜೆ ಬಂದವಳು ನೇರ ಬೀರುವಿನ ಹತ್ತಿರ ಹೋದಳು. ಹಾಳೆಯ ಅಂಚು ಹಳದಿಗಟ್ಟಿತ್ತು, ಒಂದು ಮೂಲೆಯ ಟೇಪ್ ಬಿಟ್ಟುಕೊಂಡಿತ್ತು. ನೀಲಿ 161, ಕೆಂಪು 78, ನಡುವೆ ಒಂದೇ ಒಂದು ಬಿಳಿ ಚೌಕ. ಅವಳು ನೀಲಿ ಪೆನ್ಸಿಲ್ ಹುಡುಕಿದಳು. ಬೆರಳಿನಷ್ಟೂ ಉಳಿದಿರಲಿಲ್ಲ, ಉಗುರಲ್ಲಿ ಹಿಡಿದು ಬಣ್ಣ ಹಚ್ಚಬೇಕಾಯಿತು. ಅಣ್ಣ ಬರಲಿ ಅಂತ ಅರ್ಧ ಮಾತ್ರ ಹಚ್ಚಿ ನಿಲ್ಲಿಸಿದಳು. ಅವನು ರಾತ್ರಿ ಒಂಬತ್ತಕ್ಕೆ ಬಂದು ಉಳಿದರ್ಧ ಹಚ್ಚಿದ.